ಆ ರಕ್ತ ಎಲ್ಲಿಂದ ಬಂತು?

‘ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಸಾವು ಸಂಭವಿಸಿದೆ.’

ಸರ್ಕಾರಿ ನೌಕರಿಯಲ್ಲಿ ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆದದ್ದುಂಟು. ಕಂಪ್ಯೂಟರ್ ಬಂದ ಮೇಲೆ ಹಿಂದಿನ ರಿಪೋರ್ಟಿನಿಂದ ಎತ್ತಿ ಅಂಟಿಸಿದ್ದೂ ಉಂಟು. ಠಾಣೆಯವರಿಗೆ ಅದು ಸಾಕಾಗುತ್ತಿತ್ತು, ವಿಮಾ ಕಂಪನಿಗೆ ಸಾಕಾಗುತ್ತಿತ್ತು, ಕೋರ್ಟಿಗೂ ಮುಕ್ಕಾಲು ಪಾಲು ಸಾಕಾಗುತ್ತಿತ್ತು. ಸಾಕಾಗಬಾರದಿತ್ತು ಎನ್ನುವುದು ನನಗೆ ತಡವಾಗಿ ಹೊಳೆಯಿತು.

ಕೆರೆ ಒಡೆದು ಊರೊಳಗೆ ನೀರು ನುಗ್ಗಿತು ಅಂತ ಯಾರಾದರೂ ಓಡಿಬಂದು ಹೇಳಿದರೆ ನಮ್ಮ ಕಡೆಯ ನೀರುಗಂಟಿ ಅಷ್ಟಕ್ಕೇ ತಲೆಯಾಡಿಸಿ ಸುಮ್ಮನಾಗುವವನಲ್ಲ. ಏರಿ ಬಾಯಿಬಿಟ್ಟಿತೋ, ತೂಬು ಕಿತ್ತುಹೋಯಿತೋ, ಹೆಗ್ಗಣ ಬಿಲ ತೋಡಿತ್ತೋ, ರಾತ್ರಿ ಯಾರಾದರೂ ಗುದ್ದಲಿ ತಂದು ಕಡಿದರೋ ಎಂದು ಕೇಳುತ್ತಾನೆ. ಏರಿಯ ಮೇಲೆ ನಡೆದು, ಬಗ್ಗಿ, ಕೈಯಿಟ್ಟು ನೋಡುತ್ತಾನೆ. ತಲೆಯೊಳಗೆ ರಕ್ತ ತುಂಬಿ ಸತ್ತ ಮನುಷ್ಯನ ವಿಷಯದಲ್ಲಿ ನಾವು ‘ನೀರು ನುಗ್ಗಿತು’ ಎಂದು ಬರೆದು ಸಹಿ ಹಾಕಿ ಎದ್ದುಬಿಡುತ್ತೇವೆ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ನಾನಾಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಕಬ್ಬಿನ ಗದ್ದೆಗೆ ನೀರು ಕಟ್ಟುವ ಸರದಿಗಾಗಿ ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಕುಡಿದಿದ್ದರು. ಅಣ್ಣ ಕೈಬೀಸಿ ತಮ್ಮನ ಕಿವಿಯ ಹಿಂದಕ್ಕೆ, ಕತ್ತಿನ ಪಕ್ಕಕ್ಕೆ ಬಾರಿಸಿದ. ಒಂದೇ ಏಟು. ತಮ್ಮ ಬದುವಿನ ಮೇಲೆ ಕುಸಿದವನು ಮತ್ತೆ ಏಳಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಬುರುಡೆ ಬಿರಿದಿರಲಿಲ್ಲ, ನೆತ್ತಿಯ ಚರ್ಮದಡಿಯಲ್ಲಿ ಗಾಯವಿರಲಿಲ್ಲ. ಮಿದುಳಿನ ಬುಡದಲ್ಲಿ ಮಾತ್ರ ದಪ್ಪನೆಯ ಹೆಪ್ಪು. ಕರೆಂಟು ಹೋಗಿತ್ತು, ಹೊರಗೆ ಜನ ಕೂಗಾಡುತ್ತಿದ್ದರು, ವಾರ್ಡಿನಲ್ಲಿ ಹೆರಿಗೆಗೆ ಬಂದವಳೊಬ್ಬಳು ಕಾಯುತ್ತಿದ್ದಳು. ನಾನು ಕತ್ತನ್ನು ಬಿಚ್ಚಲಿಲ್ಲ. ಹೆಪ್ಪನ್ನು ತೊಳೆದು ನೋಡಲಿಲ್ಲ. ನನ್ನ ಆ ಮಾಮೂಲಿ ಸಾಲು ಬರೆದೆ. ಎಲ್ಲ ಸೇರಿ ನಲವತ್ತು ನಿಮಿಷ.

ಸೆಷನ್ಸ್ ಕೋರ್ಟಿನ ಕಟಕಟೆಯಲ್ಲಿ ಆರೋಪಿ ಪರ ವಕೀಲರು ಕೇಳಿದರು: “ಡಾಕ್ಟರೇ, ರಕ್ತನಾಳ ತಾನಾಗಿಯೇ ಒಡೆದೂ ಹೀಗಾಗಬಹುದಲ್ಲವೇ?” ಆಗಬಹುದು ಎಂದೆ. ಸರ್ಕಾರಿ ವಕೀಲರು ಎದ್ದು, “ಏಟಿನಿಂದಲೂ ಆಗಬಹುದಲ್ಲವೇ?” ಎಂದರು. ಅದಕ್ಕೂ ಆಗಬಹುದು ಎಂದೆ. ನ್ಯಾಯಾಧೀಶರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಬರೆದುಕೊಂಡರು. ಅಣ್ಣನಿಗೆ ಐದು ವರ್ಷ ಶಿಕ್ಷೆಯಾಯಿತು.

ಶಿಕ್ಷೆ ಮುಗಿಸಿ ಬಂದವನು ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಬೆಲ್ಲದ ಅಚ್ಚಿನ ಒಂದು ಚೀಲ. ಜಗಳಕ್ಕೆ ಬಂದಿರಲಿಲ್ಲ. ಬಾಗಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತು, “ಸ್ವಾಮಿ, ಅವನು ನನ್ನ ಏಟಿಗೇ ಸತ್ತನಾ?” ಎಂದ. ಅಷ್ಟೇ ಅವನಿಗೆ ಬೇಕಿದ್ದದ್ದು. ಕೋರ್ಟು ಹೇಳಿದ್ದು ಅವನಿಗೆ ಉತ್ತರ ಅನ್ನಿಸಿರಲಿಲ್ಲ. ಉತ್ತರ ಇತ್ತು. ಒಂದು ಮಧ್ಯಾಹ್ನದ ಮಟ್ಟಿಗೆ ಆ ಕಲ್ಲಿನ ಮೇಜಿನ ಮೇಲೆ, ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ನಾನು ನೋಡಲಿಲ್ಲ. ಸಂಜೆಗೆ ಅದು ಚಿತೆಗೆ ಹೋಯಿತು. ಬೆಲ್ಲವನ್ನು ಬೇಡವೆಂದರೂ ಅಲ್ಲೇ ಇಟ್ಟು ಹೋದ.

ಹೀಗಾಗಿ ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ತಪ್ಪು ಮಾಡಿದವನ ಯೋಗ್ಯತೆಯಷ್ಟೇ ನನ್ನದು.

ತಲೆಬುರುಡೆಯೊಳಗೆ ರಕ್ತ ನಿಲ್ಲುವ ಜಾಗಗಳು ಬೇರೆಬೇರೆ, ಒಂದೊಂದು ಜಾಗಕ್ಕೂ ಅದರದೇ ಕಥೆ. ಕಪಾಲದ ಮೂಳೆ ಕಣತಲೆಯ ಹತ್ತಿರ ಹಪ್ಪಳದಷ್ಟು ತೆಳು. ಅದರ ಒಳಮೈಯಲ್ಲಿ ಗೀರು ಕೊರೆದುಕೊಂಡು ಒಂದು ಧಮನಿ ಹಾದುಹೋಗುತ್ತದೆ. ಮೂಳೆ ಬಿರಿದರೆ ಅದೂ ಹರಿಯುತ್ತದೆ. ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಒತ್ತಿಕೊಂಡು ತುಂಬುತ್ತದೆ. ಬೈಕಿನಿಂದ ಬಿದ್ದವನು ಎದ್ದು ಪ್ಯಾಂಟು ಕೊಡವಿಕೊಂಡು, “ಏನೂ ಆಗಿಲ್ಲ ಬಿಡ್ರಿ” ಎಂದು ಚಹಾ ಕುಡಿದು ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಏಳದೇ ಇರುವುದು ಹೀಗೆ. 2009ರ ಮಾರ್ಚಿನಲ್ಲಿ ಕೆನಡಾದ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿಯುತ್ತಾ ಬಿದ್ದ ನಟಿ ನತಾಶಾ ರಿಚರ್ಡ್‌ಸನ್ ಕೂಡ ಮೊದಲಿಗೆ ಚೆನ್ನಾಗಿಯೇ ಮಾತಾಡುತ್ತಿದ್ದರು, ನೆರವು ಬೇಡವೆಂದರು; ಎರಡು ದಿನದಲ್ಲಿ ತೀರಿಕೊಂಡರು. ಆ ರಕ್ತ ಹೊರಹೋಗಲು ಹೊತ್ತಿಗೆ ಸರಿಯಾಗಿ ಬುರುಡೆಯಲ್ಲೊಂದು ತೂತು ಕೊರೆದರೆ ತಪ್ಪಿಸಬಹುದಾದ ಸಾವು ಇದು.

ಮಿದುಳಿನ ಮೇಲ್ಮೈಯಿಂದ ಹೊರಪೊರೆಗೆ ದಾಟುವ ಸಣ್ಣ ಸಿರೆಗಳು ಹರಿದಾಗ ಆಗುವುದು ಇನ್ನೊಂದು ಬಗೆ. ವಯಸ್ಸಾದವರಲ್ಲಿ, ಬಹುಕಾಲ ಕುಡಿದವರಲ್ಲಿ ಮಿದುಳು ಕುಗ್ಗಿ ಈ ಸಿರೆಗಳು ಬಿಗಿದ ತಂತಿಯಂತಾಗಿರುತ್ತವೆ. ಬಾಗಿಲ ಚೌಕಟ್ಟು ತಲೆಗೆ ತಗುಲಿದ್ದೂ ಸಾಕು. ಅಜ್ಜ ಎರಡು ಮೂರು ವಾರ ತೊದಲುತ್ತಾನೆ, ಎಡವುತ್ತಾನೆ. ಮನೆಯವರು ಅರಳುಮರಳು ಎನ್ನುತ್ತಾರೆ. ಕೊನೆಗೆ ಸತ್ತಾಗ ವಯಸ್ಸಾಗಿತ್ತು ಎನ್ನುತ್ತಾರೆ. ಆ ಅಜ್ಜನ ತಲೆಗೆ ಚೌಕಟ್ಟೇ ತಗುಲಿತೋ, ಮಗನ ಕೈಯೋ ಎಂದು ಯಾರೂ ಕೇಳುವುದಿಲ್ಲ. ಇರಲಿ, ಅದು ಬೇರೆಯದೇ ಲೇಖನ.

ಮೂರನೆಯದನ್ನು ಪೊಲೀಸರೂ ವಕೀಲರೂ ಬಾಯಿಪಾಠ ಮಾಡಿಕೊಳ್ಳಬೇಕು. ನಿಂತ ತಲೆಗೆ ದೊಣ್ಣೆ ಬಡಿದರೆ ಮಿದುಳು ಜಜ್ಜುವುದು ಸಾಮಾನ್ಯವಾಗಿ ಏಟು ಬಿದ್ದ ಜಾಗದ ಅಡಿಯಲ್ಲೇ. ಚಲಿಸುತ್ತಿರುವ ತಲೆ ನೆಲಕ್ಕೆ ಅಪ್ಪಳಿಸಿದರೆ ಮಿದುಳು ಜಜ್ಜುವುದು ಹೆಚ್ಚಾಗಿ ಎದುರು ದಿಕ್ಕಿನಲ್ಲಿ. ಹಿಂದಕ್ಕೆ ಜಾರಿ ಬಿದ್ದವನ ಹಿಂದಲೆಯ ಚರ್ಮ ಕಂದಿರುತ್ತದೆ, ಮಿದುಳಿನ ಗಾಯ ಹಣೆಯ ಹಿಂದೆ ಮತ್ತು ಕಣತಲೆಯ ತುದಿಯಲ್ಲಿ ಸಿಗುತ್ತದೆ. ‘ಬಿದ್ದ’ ಮತ್ತು ‘ಹೊಡೆದರು’ ಎಂಬ ಎರಡು ಕ್ರಿಯಾಪದಗಳ ವ್ಯತ್ಯಾಸವನ್ನು ಸತ್ತವನ ಮಿದುಳು ಹೀಗೆ ತನ್ನ ಮೇಲೆ ಬರೆದುಕೊಂಡಿರುತ್ತದೆ. ಓದುವವರು ಬೇಕು.

ನನ್ನನ್ನು ಸೋಲಿಸಿದ್ದು ನಾಲ್ಕನೆಯದು, ಬುಡದ ರಕ್ತಸ್ರಾವ. ಮಿದುಳಿನ ಅಡಿಯಲ್ಲಿ ಧಮನಿಗಳು ಸೇರಿ ಒಂದು ಬಳೆಯಾಗುತ್ತವೆ. ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಅದನ್ನು ವಿವರಿಸಿದಾಗ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬರು, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಅದೇ ರೆನ್. ಆ ಬಳೆಯ ಕವಲುಗಳಲ್ಲಿ ಕೆಲವರಿಗೆ ಮೆಣಸಿನ ಕಾಳಿನಷ್ಟು ಬುಗ್ಗೆ ಎದ್ದಿರುತ್ತದೆ. ಅದು ಒಡೆದರೆ ಯಾರೂ ಮುಟ್ಟದೆಯೂ ಸಾವು ಬರುತ್ತದೆ. ಜಗಳದ ಆವೇಶದಲ್ಲೂ ಒಡೆಯಬಹುದು, ಹೊಲದಲ್ಲಿ ಭಾರ ಎತ್ತುವಾಗಲೂ ಒಡೆಯಬಹುದು. ಆದರೆ ಅದೇ ಬಳೆಗೆ ಹಿಂದಿನಿಂದ ರಕ್ತ ತರುವ ಎರಡು ವರ್ಟಿಬ್ರಲ್ ಧಮನಿಗಳಿವೆ. ಕತ್ತಿನ ಮೂಳೆಗಳ ಪಕ್ಕದ ರಂಧ್ರಗಳೊಳಗೆ ಸರಪಳಿಯಂತೆ ಹಾದು, ಎಲ್ಲಕ್ಕೂ ಮೇಲಿನ ಮೂಳೆಯ ಮೇಲೆ ಅಡ್ಡಕ್ಕೆ ಸುತ್ತಿ, ಪೊರೆ ತೂರಿ ಬುರುಡೆಯೊಳಗೆ ಹೋಗುತ್ತವೆ. ಕಿವಿಯ ಹಿಂದೆ, ಕತ್ತಿನ ಪಕ್ಕಕ್ಕೆ ಏಟು ಬಿದ್ದು ತಲೆ ಗಕ್ಕನೆ ತಿರುಗಿದರೆ ಆ ಸುತ್ತಿನಲ್ಲಿ ಅದು ಜಗ್ಗಿ ಸೀಳಬಹುದು. ರಕ್ತ ಮೇಲಕ್ಕೆ ನುಗ್ಗಿ ಮಿದುಳಿನ ಬುಡದಲ್ಲಿ ನಿಲ್ಲುತ್ತದೆ. ಬುಗ್ಗೆ ಒಡೆದದ್ದಕ್ಕೂ ಧಮನಿ ಸೀಳಿದ್ದಕ್ಕೂ ಮಿದುಳಿನ ಬುಡದಲ್ಲಿ ಕಾಣುವ ಹೆಪ್ಪು ಒಂದೇ. ಒಂದರಲ್ಲಿ ದೇವರು, ಇನ್ನೊಂದರಲ್ಲಿ ಮನುಷ್ಯ.

ಈ ಧಮನಿಯ ಹೆಸರನ್ನು ಜಗತ್ತು ಕೇಳಿದ್ದು 2014ರ ನವೆಂಬರಿನಲ್ಲಿ. ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ 25ನೇ ತಾರೀಕು, ಸೌತ್ ಆಸ್ಟ್ರೇಲಿಯಾ ಪರ 63 ರನ್ ಗಳಿಸಿ ಆಡುತ್ತಿದ್ದ ಫಿಲಿಪ್ ಹ್ಯೂಸ್ ಒಂದು ಬೌನ್ಸರನ್ನು ಹುಕ್ ಮಾಡಲು ಹೋದರು. ಚೆಂಡು ಹೆಲ್ಮೆಟ್ಟಿನ ಕೆಳಗೆ, ಕತ್ತಿನ ಎಡಭಾಗಕ್ಕೆ ಬಡಿಯಿತು. ಒಂದು ಕ್ಷಣ ಬಗ್ಗಿ ನಿಂತವರು ಮುಖ ಅಡಿಯಾಗಿ ಬಿದ್ದರು. 27ರಂದು ತೀರಿಕೊಂಡರು; ಇಪ್ಪತ್ತಾರು ತುಂಬಲು ಮೂರು ದಿನವಿತ್ತು. ವರ್ಟಿಬ್ರಲ್ ಧಮನಿ ಸೀಳಿ ಮಿದುಳಿನ ಸುತ್ತ ರಕ್ತ ತುಂಬಿತ್ತು ಎಂದು ಆಸ್ಟ್ರೇಲಿಯಾ ತಂಡದ ವೈದ್ಯ ಪೀಟರ್ ಬ್ರುಕ್ನರ್ ಜನರಿಗೆ ವಿವರಿಸಿದರು. ವೈದ್ಯಕೀಯ ದಾಖಲೆಯಲ್ಲಿ ಇಂಥವು ನೂರರಷ್ಟೇ ಇವೆ, ಕ್ರಿಕೆಟ್ ಚೆಂಡಿನಿಂದ ಆದದ್ದು ಇದಕ್ಕೆ ಮೊದಲು ಒಂದೇ ಒಂದು ಎಂದರು. ಆ ನೂರು ಎಂಬ ಸಂಖ್ಯೆ ಕೇಳಿದಾಗ ನನಗೆ ಅನ್ನಿಸಿದ್ದು: ನಮ್ಮ ಗದ್ದೆಯ ಬದುವಿನಲ್ಲಿ, ಸಾರಾಯಿ ಅಂಗಡಿಯ ಮುಂದೆ, ಠಾಣೆಯ ಹಿಂಬದಿಯಲ್ಲಿ ಕತ್ತಿಗೆ ಏಟು ತಿಂದು ಸತ್ತವರು ಆ ನೂರರಲ್ಲಿ ಸೇರಿದ್ದಾರೆಯೇ? ನನ್ನ ಮೇಜಿನ ಮೇಲಿದ್ದ ತಮ್ಮ ಸೇರಿಲ್ಲ ಎಂಬುದಂತೂ ಖಚಿತ. ಹುಡುಕದಿದ್ದದ್ದು ಅಪರೂಪವಾಗಿಯೇ ಉಳಿಯುತ್ತದೆ.

ರಕ್ತ ಎಲ್ಲಿಂದ ಬಂತು ಎಂದು ತಿಳಿದದ್ದರಿಂದ ಅಲ್ಲಿ ಮುಂದಿನ ಕೆಲಸ ಸಾಧ್ಯವಾಯಿತು. ಅಸಹಜ ಸಾವುಗಳನ್ನು ವಿಚಾರಿಸುವ ನ್ಯೂ ಸೌತ್ ವೇಲ್ಸಿನ ಅಧಿಕಾರಿ, ಕರೋನರ್, 2016ರಲ್ಲಿ ಬಹಿರಂಗ ವಿಚಾರಣೆ ನಡೆಸಿ, ಇದು ಯಾರ ಕೇಡೂ ಅಲ್ಲದ ಆಕಸ್ಮಿಕ ಎಂದರು. ಚೆಂಡೆಸೆದ ಶಾನ್ ಅಬಾಟ್ ಎಂಬ ಹುಡುಗನ ತಲೆಯ ಮೇಲಿನ ಭಾರವನ್ನು ಕಾಗದದ ಮೇಲಾದರೂ ಇಳಿಸಿದರು. ಹೆಲ್ಮೆಟ್ಟಿನ ಹಿಂದೆ ಕತ್ತು ಮುಚ್ಚುವ ರಕ್ಷೆಯ ಮಾತು ಆಮೇಲೆ ನಿಲ್ಲಲೇ ಇಲ್ಲ. 2019ರಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಕತ್ತಿಗೆ ಚೆಂಡು ಬಡಿದು ಬಿದ್ದಾಗ ಎಲ್ಲರಿಗೂ ಹಳೆಯದು ನೆನಪಾಯಿತು. 2023ರ ಅಕ್ಟೋಬರಿನಿಂದ ಕ್ರಿಕೆಟ್ ಆಸ್ಟ್ರೇಲಿಯಾ ವೇಗದ ಬೌಲಿಂಗ್ ಎದುರಿಸುವವರಿಗೆ ಆ ರಕ್ಷೆಯನ್ನು ಕಡ್ಡಾಯ ಮಾಡಿತು. ಒಂದು ಧಮನಿಯ ಸೀಳನ್ನು ಪತ್ತೆ ಹಚ್ಚಿದ್ದಕ್ಕೆ ಹೀಗೆ ನಾಳೆಯ ಹುಡುಗನ ಕತ್ತಿಗೊಂದು ತಡೆ ಸಿಕ್ಕಿತು. ಹ್ಯೂಸ್ ಪ್ರಖ್ಯಾತರು, ಕ್ಯಾಮೆರಾ ಇತ್ತು, ದೇಶವೇ ಕೇಳುತ್ತಿತ್ತು, ಒಪ್ಪುತ್ತೇನೆ. ಆದರೆ ಧಮನಿಗೆ ಪ್ರಖ್ಯಾತಿ ಗೊತ್ತಿಲ್ಲ.

ಈಗ ನಮ್ಮ ಶವಾಗಾರಕ್ಕೆ ಬನ್ನಿ. ಮೂಗು ಮುಚ್ಚಿಕೊಳ್ಳಬೇಡಿ. ಆಸ್ಪತ್ರೆಯ ಕಾಂಪೌಂಡಿನ ಕೊನೆಯಲ್ಲಿ, ಕಸದ ಗುಂಡಿಯ ಪಕ್ಕ, ಜಾಲಿ ಗಿಡದ ಮರೆಯಲ್ಲಿ ಒಂದು ಕೋಣೆ. ನಲ್ಲಿಯಲ್ಲಿ ನೀರಿದ್ದರೆ ಬಲ್ಬು ಇರುವುದಿಲ್ಲ. ಬುರುಡೆ ಬಿಚ್ಚುವವನು ನಾವು ‘ಅಟೆಂಡರ್’ ಎಂದು ಕರೆಯುವ ಮನುಷ್ಯ. ಅವನ ಜಾತಿ ಯಾವುದೆಂದು ನಾನು ಹೇಳಬೇಕಾಗಿಲ್ಲ. ನಿಮಗೆ ಗೊತ್ತು, ಗೊತ್ತಿಲ್ಲದವರಂತೆ ಇರುವುದನ್ನೂ ನಾವೆಲ್ಲ ಕಲಿತಿದ್ದೇವೆ. ಅವನಿಗೆ ತರಬೇತಿ ಯಾರೂ ಕೊಟ್ಟಿಲ್ಲ, ಸರಿಯಾದ ಕೈಗವಸೂ ಇಲ್ಲ. ಎಷ್ಟೋ ಕಡೆ ಅವನು ಕುಡಿದೇ ಒಳಗೆ ಹೋಗುತ್ತಾನೆ. ದಿನಕ್ಕೆ ಮೂರು ಹೆಣ ಬಿಚ್ಚುವ ಕೆಲಸವನ್ನು ನಿಮ್ಮ ಮಗನಿಗೆ ಕೊಟ್ಟು ನೋಡಿ, ಆಮೇಲೆ ಅವನ ಕುಡಿತದ ಬಗ್ಗೆ ಮಾತಾಡೋಣ. ವೈದ್ಯರು ಬಾಗಿಲಲ್ಲಿ ನಿಂತು ಕರವಸ್ತ್ರ ಹಿಡಿದು ಬರೆದುಕೊಳ್ಳುತ್ತಾರೆ. ಕಲ್ಕತ್ತಾದಲ್ಲಿ 1836ರಲ್ಲಿ ವೈದ್ಯ ಮಧುಸೂದನ ಗುಪ್ತರು ಹೆಣದ ಮೇಲೆ ಚಾಕು ಇಟ್ಟಾಗ, ಮೇಲುಜಾತಿಯ ಕೈ ಶವ ಮುಟ್ಟಿತು ಎಂಬುದೇ ದೊಡ್ಡ ಸುದ್ದಿಯಾಗಿತ್ತಂತೆ. ಎರಡು ಶತಮಾನ ಸಮೀಪಿಸಿತು. ಆ ಕೈ ಮತ್ತೆ ಜೇಬಿನೊಳಗೆ ಹೋಗಿ ಕೂತಿದೆ.

ಇದು ಬರೀ ಮಾನದ ಪ್ರಶ್ನೆಯಲ್ಲ, ಸಾಕ್ಷ್ಯದ ಪ್ರಶ್ನೆ ಕೂಡ. ಸುತ್ತಿಗೆ ಉಳಿಯಿಂದ ಬುರುಡೆ ಒಡೆದರೆ ಹೊಸ ಬಿರುಕು ಹುಟ್ಟುತ್ತದೆ. ಅದನ್ನು ಏಟಿನ ಬಿರುಕು ಎಂದು ಬರೆದರೆ ಒಬ್ಬ ಜೈಲಿಗೆ ಹೋಗುತ್ತಾನೆ. ಬುರುಡೆಯ ಮುಚ್ಚಳವನ್ನು ಒರಟಾಗಿ ಎಳೆದರೆ ಆ ಬಿಗಿದ ಸಿರೆಗಳು ಆಗ ಹರಿದು ರಕ್ತ ಸುರಿಯುತ್ತದೆ. ಅದು ಮೊದಲೇ ಇತ್ತೆಂದು ಬರೆಯುವವರಿದ್ದಾರೆ. ಎಲ್ಲಕ್ಕಿಂತ ಕ್ರೂರವಾದದ್ದು ಇದು: ಮಿದುಳನ್ನು ಹೊರಗೆ ತೆಗೆಯಲು ಬುಡದಲ್ಲಿ ಚಾಕು ಆಡಿಸಿದಾಗ ವರ್ಟಿಬ್ರಲ್ ಧಮನಿಗಳನ್ನು ನಾವೇ ಕತ್ತರಿಸುತ್ತೇವೆ. ಆಮೇಲೆ ಸೀಳು ಸಿಕ್ಕಿದರೂ ಅದು ಕೊಂದವನದೋ ಕೊಯ್ದವನದೋ ಹೇಳುವುದು ಹೇಗೆ? ಮೊದಲು ನೋಡದಿದ್ದರೆ ನೋಡುವ ಅವಕಾಶವನ್ನು ನಾವೇ ನಾಶ ಮಾಡಿದಂತೆ.

ಹಾಗಾದರೆ ಏನು ಮಾಡಬೇಕು? ಕಿರಿಯ ವೈದ್ಯರೇ, ನಿಮಗೆ ಹೇಳುತ್ತಿದ್ದೇನೆ. ತಲೆಗೆ ಅಥವಾ ಕತ್ತಿಗೆ ಏಟು ಬಿದ್ದು ಅಲ್ಲಿಯೇ ಕುಸಿದ ಅಂತ ಪಂಚನಾಮೆಯಲ್ಲಿ ಇದ್ದರೆ, ಬುರುಡೆಯಲ್ಲಿ ಬಿರುಕಿಲ್ಲದೆ ಬುಡದಲ್ಲಿ ರಕ್ತ ಕಂಡರೆ, ಚಾಕು ಕೆಳಗಿಡಿ. ಮಿದುಳು ತೆಗೆಯುವ ಮೊದಲೇ ಆ ಎರಡು ಧಮನಿಗಳನ್ನು ಎದೆಯ ಮೇಲ್ಭಾಗದಲ್ಲಿ, ಅವು ಕವಲೊಡೆಯುವ ಜಾಗದಲ್ಲಿ ಹಿಡಿದು ಬಣ್ಣದ ದ್ರವ ತುಂಬಿ ಎಕ್ಸ್‌ರೇ ತೆಗೆಸಲು ಸಾಧ್ಯವೇ ನೋಡಿ. ಸಿ.ಟಿ. ಯಂತ್ರ ಹತ್ತಿರವಿದ್ದರೆ ಹೆಣವನ್ನು ಅಲ್ಲಿಗೆ ಒಯ್ಯಲು ಹೇಳಿ. ಬದುಕಿದ್ದವರ ಸರದಿ ಮುಗಿದ ಮೇಲೆ ರಾತ್ರಿಯಾದರೂ ಸರಿ. ದೆಹಲಿಯ ಏಮ್ಸ್‌ನಲ್ಲಿ 2021ರಿಂದ ಸಿ.ಟಿ. ನೆರವಿನ ಮರಣೋತ್ತರ ಪರೀಕ್ಷೆ ನಡೆಯುತ್ತಿದೆ, ಇದು ಕನಸಿನ ಮಾತಲ್ಲ. ಯಾವುದೂ ಆಗದಿದ್ದರೆ ತಲೆ ಮತ್ತು ಎದೆಯ ರಕ್ತ ಬಸಿದ ಮೇಲೆ ಕತ್ತನ್ನು ಪದರ ಪದರವಾಗಿ ಬಿಚ್ಚಿ, ಹಿಂಬದಿಯಿಂದಲೂ ನೋಡಿ. ಕಿವಿಯ ಕೆಳಗೆ ಸ್ನಾಯುವಿನೊಳಗೆ ಕಂದಿದ ಗುರುತು ಇದೆಯೇ, ಮೇಲಿನ ಮೂಳೆಯ ಸುತ್ತ ರಕ್ತ ಸೋರಿದೆಯೇ ಬರೆಯಿರಿ. ಸಂಶಯ ಉಳಿದರೆ ಕತ್ತಿನ ಮೂಳೆಗಳ ಆ ಭಾಗವನ್ನೇ ತೆಗೆದು ದೊಡ್ಡ ಕಾಲೇಜಿಗೆ ಕಳಿಸಿ. ಮಿದುಳಿನ ಬುಡದ ಹೆಪ್ಪನ್ನು ತಾಜಾ ಇರುವಾಗಲೇ ಸಣ್ಣ ಧಾರೆಯ ನೀರಿನಲ್ಲಿ, ಅಕ್ಕಿ ತೊಳೆದಷ್ಟು ನಯವಾಗಿ ತೊಳೆಯಿರಿ. ಫಾರ್ಮಲಿನ್‌ನಲ್ಲಿ ಹಾಕಿದ ಮೇಲೆ ಅದು ಇಟ್ಟಿಗೆಯಾಗುತ್ತದೆ, ಬುಗ್ಗೆ ಇದ್ದರೂ ಸಿಗುವುದಿಲ್ಲ. ಹುಡುಕಿ ಸಿಗದಿದ್ದರೆ ‘ಹುಡುಕಿದೆ, ಸಿಗಲಿಲ್ಲ’ ಎಂದು ಬರೆಯಿರಿ. ಆ ಎರಡು ಪದ ಬರೆದವನು ಕಟಕಟೆಯಲ್ಲಿ ‘ಆಗಬಹುದು’ ಎಂದಾಗ ಅದಕ್ಕೊಂದು ಅರ್ಥವಿರುತ್ತದೆ.

ಇದೆಲ್ಲ ಪುಸ್ತಕದಲ್ಲಿದೆ ಎನ್ನುತ್ತೀರಿ. ಹೌದು, ಇಟಲಿಯ ಪಾಡುವಾದ ವೈದ್ಯ ಮೊರ್ಗಾಗ್ನಿ ರೋಗ ಕೂತ ಜಾಗವನ್ನೇ ಹುಡುಕಬೇಕೆಂದು ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 1761ರಲ್ಲಿ, ಗ್ರಂಥ ಪ್ರಕಟಿಸಿದಂದಿನಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ವರ್ಷಗಟ್ಟಲೆ ಶ್ರಮಿಸಿ ಕಟ್ಟಿದ ಮಿದುಳಿನ ಸಂಗ್ರಹಾಲಯವಿದೆ. ಶಾಲೆಯ ಮಕ್ಕಳೂ ಹೋಗಿ ನೋಡುತ್ತಾರೆ, ಜಾಡಿಗಳಲ್ಲಿಟ್ಟ ಮಿದುಳುಗಳಲ್ಲಿ ರಕ್ತ ಎಲ್ಲೆಲ್ಲಿ ನಿಂತಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ವಿದ್ಯೆ ನಮ್ಮ ಊರಲ್ಲೇ ಇದೆ. ಅಲ್ಲಿಂದ ತಾಲ್ಲೂಕಿನ ಕಲ್ಲಿನ ಮೇಜಿಗೆ ಬರುವ ದಾರಿಯಲ್ಲಿ ಎಲ್ಲೋ ಇಂಗಿಹೋಗುತ್ತದೆ.

ಠಾಣೆಯ ಸಾಹೇಬರೇ, ನಿಮ್ಮೊಂದಿಗೂ ಮಾತಿದೆ. ‘ಲಾಕಪ್ಪಿನ ಶೌಚಾಲಯದಲ್ಲಿ ಜಾರಿ ಬಿದ್ದ’ ಎಂಬ ವಾಕ್ಯವನ್ನು ಈ ದೇಶ ಎಷ್ಟು ಸಲ ಓದಿದೆ! ಕೆಲವೊಮ್ಮೆ ಅದು ನಿಜವೂ ಇರಬಹುದು. ಹಿಂದಕ್ಕೆ ಜಾರಿ ಬಿದ್ದದ್ದು ನಿಜವಾಗಿದ್ದರೆ ಅದನ್ನು ತೋರಿಸುವ ಗಾಯ ಹೆಚ್ಚಾಗಿ ಹಣೆಯ ಹಿಂದೆಯೇ ಸಿಗುತ್ತದೆ, ಹೆದರಿಕೆ ಯಾಕೆ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1995ರಲ್ಲೇ ಕಸ್ಟಡಿ ಸಾವಿನ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಮಾಡಿ ಎಂದಿತು. 1997ರಲ್ಲಿ ಮಾದರಿ ನಮೂನೆಯನ್ನೂ ಕೊಟ್ಟಿತು. ಇಂಥ ಸಾವನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರೇ ವಿಚಾರಿಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಬಂತು, 2024ರ ಜುಲೈನಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿಯಿತು. ವಿಡಿಯೊ ಓಡುತ್ತದೆ, ನಮೂನೆ ತುಂಬುತ್ತದೆ. ಕೊನೆಯ ಅಂಕಣದಲ್ಲಿ ಮತ್ತೆ ಅದೇ: ಮಿದುಳಿನಲ್ಲಿ ರಕ್ತಸ್ರಾವ. ಆ ಎರಡು ಪದಗಳ ಹಿಂದೆ ಲಾಠಿಯೂ ಅಡಗಿಕೊಳ್ಳಬಲ್ಲದು, ಬಚ್ಚಲ ಪಾಚಿಯೂ ಅಡಗಿಕೊಳ್ಳಬಲ್ಲದು. ಅಷ್ಟಕ್ಕೇ ನಿಲ್ಲುವ ವೈದ್ಯ ಯಾರ ಪಕ್ಷವನ್ನೂ ವಹಿಸಿಲ್ಲ ಎಂದುಕೊಳ್ಳುತ್ತಾನೆ. ವಹಿಸಿದ್ದಾನೆ.

ನ್ಯಾಯಾಧೀಶರಿಗೂ ವಕೀಲರಿಗೂ ಕೈಮುಗಿದು ಒಂದು ಮಾತು. ರೋಗವಿದ್ದವನ ಸಾವನ್ನು ಏಟಿನಿಂದ ಬೇಗ ತಂದವನೂ ಸಾವಿಗೆ ಕಾರಣನೇ ಎಂದು ನಮ್ಮ ದಂಡ ಸಂಹಿತೆಯ 299ನೇ ಕಲಮಿನ ಮೊದಲ ವಿವರಣೆ ಹೇಳುತ್ತಿತ್ತು; ಹೊಸ ನ್ಯಾಯ ಸಂಹಿತೆಯೂ ಅದನ್ನು ಬಿಟ್ಟಿಲ್ಲ. ಹಾಗೆಂದ ಮೇಲೆ ರೋಗ ಇತ್ತೇ, ಏಟು ಅದನ್ನು ತಟ್ಟಿತೇ ಎಂಬುದು ಊಹೆಗೆ ಬಿಡುವ ಸಂಗತಿಯೇ? ಕೊಲೆ, ಕೊಲೆಯಲ್ಲದ ಮಾನವಹತ್ಯೆ, ಬರೀ ಗಾಯ — ಈ ಮೂರರ ನಡುವೆ ಒಬ್ಬ ಮನುಷ್ಯನ ಆಯುಷ್ಯ ತೂಗಾಡುತ್ತಿರುತ್ತದೆ. ನನ್ನಂಥವನು ಕಟಕಟೆಗೆ ಬಂದು ಎರಡೂ ಕಡೆಗೆ ‘ಆಗಬಹುದು’ ಎಂದಾಗ ದಯವಿಟ್ಟು ಬರೆದುಕೊಂಡು ಮುಂದೆ ಹೋಗಬೇಡಿ. “ಕತ್ತು ಬಿಚ್ಚಿದಿರಾ? ಹೆಪ್ಪು ತೊಳೆದಿರಾ?” ಎಂದು ಕೇಳಿ. ನಾಲ್ಕು ಸಲ ಕೇಳಿದರೆ ಐದನೆಯ ಸಲ ವೈದ್ಯರು ಬಿಚ್ಚಿ, ತೊಳೆದುಕೊಂಡೇ ಬರುತ್ತಾರೆ.

ಸರ್ಕಾರದವರ ಬಗ್ಗೆ ಹೆಚ್ಚು ಹೇಳಿ ಫಲವಿಲ್ಲ. ಒಂದು ತಾಲ್ಲೂಕು ಶವಾಗಾರಕ್ಕೆ ವಿದ್ಯುತ್ ಗರಗಸ, ಒಳ್ಳೆಯ ಬೆಳಕು, ನೀರು, ತರಬೇತಿ ಮತ್ತು ಮರ್ಯಾದೆಯ ಸಂಬಳ ಪಡೆದ ಇಬ್ಬರು ಸಹಾಯಕರು — ಇಷ್ಟಕ್ಕೆ ಒಂದು ಸ್ವಾಗತ ಕಮಾನಿನ ಖರ್ಚೂ ಆಗದು. ರಸ್ತೆಯಲ್ಲೇ 2022ರ ಒಂದು ವರ್ಷದಲ್ಲಿ ಈ ದೇಶದಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಇವರಲ್ಲಿ ತಲೆಗೆ ಪೆಟ್ಟಾದವರು ಕಡಿಮೆಯೇ? ಬುರುಡೆ ಎಲ್ಲಿ ಬಿರಿಯಿತು, ಅರ್ಧ ಟೊಪ್ಪಿಯಂಥ ಹೆಲ್ಮೆಟ್ ಯಾವ ಭಾಗವನ್ನು ಬಿಟ್ಟಿತ್ತು, ರಕ್ತ ನಿಧಾನವಾಗಿ ತುಂಬಿದ್ದೋ ಒಮ್ಮೆಲೇ ತುಂಬಿದ್ದೋ, ಒಂದು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದನೋ — ಅಷ್ಟು ಹೆಣಗಳು ಅಷ್ಟು ಉತ್ತರಗಳನ್ನು ಹೊತ್ತು ಬಂದು, ಕೇಳುವವರಿಲ್ಲದೆ ಹೋಗಿವೆ.

ಇನ್ನು ನೀವು, ಶವಾಗಾರದ ಹೊರಗೆ ಬೇವಿನ ಮರದ ಕೆಳಗೆ ಕಾಯುವವರು. ನಿಮ್ಮ ದುಃಖದ ಮುಂದೆ ಬುದ್ಧಿ ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಹೇಳಬೇಕು. “ಕೊಯ್ಯಬೇಡಿ ಡಾಕ್ಟರೇ, ಹಾಗೇ ಕೊಟ್ಟುಬಿಡಿ” ಎಂದು ಕಾಲು ಹಿಡಿಯುತ್ತೀರಿ. ಮಣ್ಣು ಮಾಡಲು ಹೊತ್ತು ಮೀರುತ್ತದೆ ಎನ್ನುತ್ತೀರಿ. ಯಾರೋ ಮುಖಂಡರಿಗೆ ಫೋನು ಹೋಗುತ್ತದೆ. ಅವರು ನಮಗೆ ಫೋನು ಮಾಡಿ “ಬೇಗ ಮುಗಿಸಿ” ಎನ್ನುತ್ತಾರೆ. ಬೇಗ ಮುಗಿಸಿದ್ದರ ಬೆಲೆ ಏನೆಂದು ಆ ಬೆಲ್ಲದ ಚೀಲ ತಂದವನು ನನಗೆ ತೋರಿಸಿದ್ದಾನೆ. ನೀವು ಬೇರೆಯದನ್ನು ಕೇಳಿ. ಒಳಗೆ ಹೋಗುವ ವೈದ್ಯರನ್ನು ತಡೆದು, ಸಿಟ್ಟಿಲ್ಲದೆ, “ಡಾಕ್ಟರೇ, ರಕ್ತ ಎಲ್ಲಿಂದ ಬಂತು ಅಂತ ನೋಡಿ ಹೇಳ್ತೀರಾ? ಎಷ್ಟು ಹೊತ್ತಾದರೂ ಕಾಯ್ತೀವಿ” ಎನ್ನಿ. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಈ ಮಾತನ್ನು ನನಗೆ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ನಾಚಿಕೆಗಾದರೂ ನಾನು ಕತ್ತು ಬಿಚ್ಚುತ್ತಿದ್ದೆ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ಗಡಿಭಾಗದ ಒಂದು ತಾಲ್ಲೂಕಿನಲ್ಲಿದ್ದಾಳೆ. ಜಾತ್ರೆಯ ಜಗಳ, ಕತ್ತಿಗೆ ಒಂದು ಗುದ್ದು, ಇಪ್ಪತ್ತೆರಡರ ಹುಡುಗ. “ಸಾರ್, ಬುರುಡೆ ತೆಗೆದಿದ್ದೀನಿ. ಬಿರುಕಿಲ್ಲ. ಮಿದುಳು ಇನ್ನೂ ತೆಗೆದಿಲ್ಲ. ಹೊರಗೆ ಎಂ.ಎಲ್.ಎ. ಕಡೆಯವರು ಗಲಾಟೆ ಮಾಡ್ತಿದ್ದಾರೆ. ಮೊದಲು ಎಲ್ಲಿ ನೋಡಲಿ?” ಎಂದಳು. ಫೋನನ್ನು ಸ್ಪೀಕರಿಗೆ ಹಾಕಿ ಎಲ್ಲಾದರೂ ಇಡು ಎಂದೆ. ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು. ಅವಳು ಒಮ್ಮೆ ಹೊರಗೆ ಹೋಗಿ ಬಂದಳು. ಏನು ಹೇಳಿದಳೋ, ಬಡಿತ ನಿಂತಿತು. ಅಟೆಂಡರನ್ನು ಅವಳು ‘ಅಣ್ಣಾ’ ಎಂದು ಕರೆದು ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿಯಲು ಹೇಳಿದಳು. ಒಂದೂವರೆ ಗಂಟೆ ನಾನು ಫೋನಿನ ಈ ತುದಿಯಲ್ಲಿ ಕೂತಿದ್ದೆ. ಹೆಚ್ಚಿನ ಹೊತ್ತು ಯಾರೂ ಮಾತಾಡಲಿಲ್ಲ. ಸಣ್ಣ ಧಾರೆಯಲ್ಲಿ ನೀರು ಬೀಳುವ ಸದ್ದು ಮಾತ್ರ ಬರುತ್ತಿತ್ತು.